ದಿಕ್ಕು ನೋಡಿ, ಆಮೇಲೆ ಕ್ಯಾಮೆರಾ ತೆಗೆಯಿರಿ: ಅರಮನೆ, ಗೋಪುರ, ಕಡಲಿನ ಫೋಟೊ ತೆಗೆಯುವವರಿಗೆ

ಮೈಸೂರು ಅರಮನೆಯ ದೀಪಾಲಂಕಾರದ ಫೋಟೊ ತೆಗೆಯಲು ನಾನು ಮೊದಲ ಸಲ ಹೋದದ್ದು ಡಿಸೆಂಬರಿನಲ್ಲಿ. ರಜೆಯ ದಿನ, ಕಾಲಿಡಲು ಜಾಗವಿಲ್ಲ. ಏಳು ಗಂಟೆಗೆ ದೀಪ ಹತ್ತಿತು. ಎಲ್ಲರೂ ‘ಓ’ ಎಂದರು, ನಾನೂ ಎಂದೆ, ಒಂದೇ ಉಸಿರಿಗೆ ಐವತ್ತು ಫೋಟೊ ತೆಗೆದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಕಪ್ಪು ಬಟ್ಟೆಗೆ ಹಳದಿ ಚಮಕಿ ಹೊಲಿದಂತಿತ್ತು. ಅರಮನೆಯ ಗೋಡೆ ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಒಂದೂ ಗೊತ್ತಾಗುತ್ತಿರಲಿಲ್ಲ. ಲೆನ್ಸ್ ಸರಿಯಿಲ್ಲ ಎಂದುಕೊಂಡು ಲೆನ್ಸ್ ಬದಲಿಸುವ ಲೆಕ್ಕಾಚಾರ ಹಾಕಿದೆ.

ಲೆನ್ಸಿನದು ಏನೂ ತಪ್ಪಿರಲಿಲ್ಲ. ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಸೂರ್ಯ ಮುಳುಗುವುದು ಸಂಜೆ 6ರ ಆಸುಪಾಸು. ಏಳಕ್ಕೆ ದೀಪ ಹತ್ತುವಾಗ ಆಕಾಶ ಪೂರ್ತಿ ಕಪ್ಪು. ಮೇ ತಿಂಗಳಲ್ಲಿ ಸೂರ್ಯಾಸ್ತ 6.40ರ ಆಚೀಚೆ. ಆಗ ಅದೇ ಏಳು ಗಂಟೆಗೆ ಗುಮ್ಮಟಗಳ ಹಿಂದೆ ಆಕಾಶ ಕಡುನೀಲಿ ಇರುತ್ತದೆ, ಮುಂಗಾರು ಪೂರ್ವದ ಮೋಡವೂ ಇದ್ದರೆ ಅದೃಷ್ಟ. ಐದು ತಿಂಗಳು ಕಳೆದು ಅದೇ ಕ್ಯಾಮೆರಾ ಹಿಡಿದು, ಅದೇ ಜಾಗದಲ್ಲಿ ನಿಂತು ತೆಗೆದ ಫೋಟೊ ಈಗ ಅಣ್ಣನ ಮನೆಯ ಹಜಾರದಲ್ಲಿ ತೂಗುತ್ತಿದೆ.

ಹಾಗಾಗಿ ಈ ಬರಹದಲ್ಲಿ ಯಾವ ಕ್ಯಾಮೆರಾ ಕೊಳ್ಳಬೇಕು ಎಂಬುದಿಲ್ಲ. ಒಳ್ಳೆಯ ಮೊಬೈಲಾದರೂ ಸಾಕು. ಯಾವ ತಿಂಗಳು, ಯಾವ ಹೊತ್ತು, ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಎಂಬುದೇ ಇಲ್ಲಿ ಮುಖ್ಯ.

ಮೊದಲು: ಅದರ ಮುಖ ಯಾವ ಕಡೆ?

ಸೈಟು ನೋಡಲು ಹೋದವರು ಮೊದಲು ಕೇಳುವ ಪ್ರಶ್ನೆಯೇ ಇಲ್ಲೂ ಮೊದಲ ಪ್ರಶ್ನೆ. ನಮ್ಮ ಹೆಚ್ಚಿನ ದೇವಸ್ಥಾನಗಳು ಪೂರ್ವಕ್ಕೆ ಮುಖ ಮಾಡಿವೆ. ಅಂದರೆ ಬೆಳಗಿನ ಬಿಸಿಲು ಮುಂಭಾಗದ ಮೇಲೆ ನೇರ ಬೀಳುತ್ತದೆ. ಸಂಜೆ ಹೋದರೆ ಮುಂಭಾಗ ನೆರಳಿನಲ್ಲಿ, ಆಕಾಶ ಬೆಳ್ಳಗೆ. ವಿಧಾನಸೌಧದ ಪೂರ್ವ ದ್ವಾರದಲ್ಲಿ 40 ಅಡಿ ಎತ್ತರದ 12 ಕಂಬಗಳಿವೆಯಲ್ಲ, ಅವುಗಳ ದುಂಡನ್ನು ನೋಡಬೇಕಾದರೂ ಬೆಳಗ್ಗೆಯೇ ಹೋಗಬೇಕು. ಕಡಲು ಇದಕ್ಕೆ ತದ್ವಿರುದ್ಧ. ನಮ್ಮ ಕರಾವಳಿಯೆಲ್ಲ ಪಶ್ಚಿಮಕ್ಕೆ ತೆರೆದಿರುವುದರಿಂದ ಸೂರ್ಯ ನೀರಿಗಿಳಿಯುವುದನ್ನು ಮಾತ್ರ ನೋಡಬಹುದು, ಏಳುವುದನ್ನಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಆದರೂ ಸಂಜೆ ಐದಕ್ಕೆ ಗೋಪುರದ ಮುಂದೆ ನಿಂತು ‘ಯಾಕೋ ಮಂಕಾಗಿ ಬರ್ತಿದೆ’ ಎನ್ನುವವರು ಪ್ರತಿ ಪ್ರವಾಸದಲ್ಲೂ ಸಿಗುತ್ತಾರೆ.

ಸೂರ್ಯ ಒಂದೇ ಜಾಗದಲ್ಲಿ ಮುಳುಗುವುದಿಲ್ಲ ಎಂಬುದು ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಜೂನ್ ಕೊನೆಗೆ ಅವನು ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ಉತ್ತರಾಯಣ, ದಕ್ಷಿಣಾಯನ ಎಂದು ಪಂಚಾಂಗದಲ್ಲಿ ಓದುವುದು ಇದನ್ನೇ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹತ್ತಿರ ಹತ್ತಿರ 10 ಡಿಗ್ರಿ. ಅಂದರೆ ವರ್ಷದ ಎರಡು ತುದಿಗಳ ನಡುವೆ ಸೂರ್ಯಾಸ್ತದ ಜಾಗ ಐದು ಮುಷ್ಟಿಯಷ್ಟು ಓಡಾಡುತ್ತದೆ. ಕಾಪು ದೀಪಸ್ತಂಭದ ಹಿಂದೆ ಕೆಂಪು ಸೂರ್ಯ ಬೇಕೇ? ಡಿಸೆಂಬರಿನಲ್ಲಾದರೆ ಸ್ತಂಭದಿಂದ ಉತ್ತರದ ಕಡೆ ಮರಳಿನಲ್ಲಿ ನಿಲ್ಲಿ, ಏಪ್ರಿಲ್ ಕೊನೆಯಲ್ಲಾದರೆ ದಕ್ಷಿಣದ ಕಡೆಗೆ ಸರಿಯಿರಿ. ಗೆಳೆಯರು ತೋರಿಸಿದ ಫೋಟೊದ ಜಾಗವನ್ನೇ ಹುಡುಕಿ ಬೇರೆ ತಿಂಗಳಲ್ಲಿ ಹೋದರೆ ಸೂರ್ಯ ಎಲ್ಲೋ ತೆಂಗಿನ ಮರದ ಹಿಂದೆ ಮುಳುಗಿರುತ್ತಾನೆ.

ಹೊತ್ತು ಅಳೆಯಲೂ ಕೈಯೇ ಸಾಕು. ಕೈ ಚಾಚಿ ನಾಲ್ಕು ಬೆರಳು ಅಡ್ಡ ಹಿಡಿಯಿರಿ. ಸೂರ್ಯ ಮತ್ತು ದಿಗಂತದ ನಡುವೆ ನಾಲ್ಕು ಬೆರಳಿನ ಅಂತರವಿದ್ದರೆ ಮುಳುಗಲು ಅರ್ಧ ಗಂಟೆ ಇದೆ. ಯುರೋಪಿನವರ ವಿಡಿಯೊಗಳಲ್ಲಿ ಇದನ್ನೇ ಒಂದು ಗಂಟೆ ಎನ್ನುತ್ತಾರೆ. ಅವರಲ್ಲಿ ಸೂರ್ಯ ಓರೆಯಾಗಿ ಜಾರುತ್ತಾನೆ, ನಮ್ಮಲ್ಲಿ ಕಲ್ಲು ಬಾವಿಗೆ ಬಿದ್ದಂತೆ ನೆಟ್ಟಗೆ ಇಳಿಯುತ್ತಾನೆ. ಅವರು ಹೇಳುವ ‘ಬ್ಲೂ ಅವರ್’, ಅಂದರೆ ಸೂರ್ಯ ಮುಳುಗಿದ ಮೇಲೆ ಆಕಾಶ ಕಡುನೀಲಿ ಇರುವ ಹೊತ್ತು, ನಮ್ಮಲ್ಲಿ ಅವರ್ ಅಲ್ಲವೇ ಅಲ್ಲ. ಸೂರ್ಯ ಮುಳುಗಿ ಹತ್ತು ನಿಮಿಷಕ್ಕೆ ಶುರು, ಮೂವತ್ತು ನಿಮಿಷಕ್ಕೆ ಖಲಾಸ್. ಆ ಇಪ್ಪತ್ತು ನಿಮಿಷದಲ್ಲಿ ಟ್ರೈಪಾಡ್ ಬಿಚ್ಚುತ್ತಾ ಕುಳಿತರೆ ಸಂಜೆ ಮುಗಿಯಿತು.

ಊರಿನ ಸ್ಕೈಲೈನ್

ಬೆಂಗಳೂರಿನ ಕಟ್ಟಡಗಳ ಸಾಲನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಯಾರದೋ ಅಪಾರ್ಟ್‌ಮೆಂಟಿನ ಟೆರೇಸಿಗೆ ಪರಿಚಯ ಹುಡುಕಬೇಕಿಲ್ಲ. ಲಾಲ್‌ಬಾಗಿನ ಬಂಡೆ ಹತ್ತಿದರೆ ಸಾಕು. ಕೆಂಪೇಗೌಡರ ಗೋಪುರ ಇರುವ ಆ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ನುಣ್ಣನೆಯ ಬೆನ್ನು ಮುಂದೆ, ನಿನ್ನೆ ಮೊನ್ನೆ ಎದ್ದ ಗಾಜಿನ ಕಟ್ಟಡಗಳು ಹಿಂದೆ. ಚೌಕಟ್ಟಿನ ಕೆಳಗಿನ ಮೂರನೇ ಒಂದು ಭಾಗವನ್ನು ಕಲ್ಲಿಗೇ ಬಿಟ್ಟುಕೊಡಿ. ಬರೀ ಕಟ್ಟಡದ ಸಾಲಾದರೆ ಅದು ಯಾವ ಊರಾದರೂ ಆದೀತು.

ಇಲ್ಲಿಯ ಲೆಕ್ಕ ಮೈಸೂರು ಅರಮನೆಯದಕ್ಕೆ ಉಲ್ಟಾ. ಲಾಲ್‌ಬಾಗ್ ಸಂಜೆ ಏಳಕ್ಕೆ ಮುಚ್ಚುತ್ತದೆ, ಅದಕ್ಕೂ ಮೊದಲೇ ಕಾವಲುಗಾರರ ಸೀಟಿ ಶುರು. ಜೂನಿನಲ್ಲಿ ಸೂರ್ಯ ಮುಳುಗುವುದೇ 6.45ರ ನಂತರ, ಆಕಾಶ ನೀಲಿಯಾಗುವಷ್ಟರಲ್ಲಿ ನೀವು ಗೇಟಿನ ಹೊರಗೆ. ನವೆಂಬರ್, ಡಿಸೆಂಬರಿನಲ್ಲಿ ಆರರ ಆಸುಪಾಸಿಗೇ ಸೂರ್ಯಾಸ್ತ. 6.15ರ ಹೊತ್ತಿಗೆ ಆಕಾಶದಲ್ಲಿ ಬೆಳಕು ಉಳಿದಿರುತ್ತದೆ, ಕಟ್ಟಡಗಳಲ್ಲಿ ದೀಪವೂ ಹತ್ತಿರುತ್ತದೆ. ಚಳಿಗಾಲಕ್ಕೆ ಲಾಲ್‌ಬಾಗ್, ಬೇಸಿಗೆಗೆ ಅರಮನೆ ಎಂದು ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಅರಮನೆಯ ದೀಪ ಇರುವುದು ಭಾನುವಾರ, ಸರ್ಕಾರಿ ರಜೆ ಮತ್ತು ದಸರಾ ದಿನಗಳಲ್ಲಿ, ಅದೂ ಮುಕ್ಕಾಲು ಗಂಟೆ. ಹೊರಡುವ ಮೊದಲು ಆ ದಿನದ ಸಮಯ ವಿಚಾರಿಸಿಕೊಳ್ಳಿ.

ಸೆಟ್ಟಿಂಗ್ ಹೀಗಿರಲಿ: ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನೊಳಗಿನ ಕಿಂಡಿ) ಎಫ್ 8, ಕ್ಯಾಮೆರಾ ಟ್ರೈಪಾಡಿನ ಮೇಲೆ. ಶಟರ್ ತೆರೆದಿರುವ ಹೊತ್ತು ಒಂದು ಸೆಕೆಂಡಿನಿಂದ ಶುರುವಾಗಿ, ಕತ್ತಲಾದಂತೆ ಹತ್ತು ಹದಿನೈದು ಸೆಕೆಂಡಿನವರೆಗೆ ಹೋಗಬಹುದು. ಬಟನ್ ಒತ್ತಿದಾಗ ಆಗುವ ಅಲುಗಾಟವೇ ಫೋಟೊ ಕೆಡಿಸುತ್ತದೆ, ಹಾಗಾಗಿ ಎರಡು ಸೆಕೆಂಡ್ ಟೈಮರ್ ಇಡಿ. ಲೆನ್ಸಿನ ಸ್ಟೆಬಿಲೈಸೇಷನ್ (ಕೈನಡುಕ ಸರಿದೂಗಿಸುವ ಸೌಲಭ್ಯ) ಆಫ್ ಮಾಡಿ. ಟ್ರೈಪಾಡ್ ಬಿಡದ ಕಡೆ ಬ್ಯಾಗನ್ನೇ ಕಟ್ಟೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಒತ್ತಿ ಕೂರಿಸಿ. ಒಂದು ಕಿಲೊ ಅಕ್ಕಿ ತುಂಬಿದ ಬಟ್ಟೆಚೀಲ ಇನ್ನೂ ವಾಸಿ. ನಗಬೇಡಿ, ನನ್ನ ಬ್ಯಾಗಿನಲ್ಲಿ ಅದು ಈಗಲೂ ಇದೆ. ಮೊಬೈಲಿನವರು ನೈಟ್ ಮೋಡ್ ಹಾಕಿ ಫೋನನ್ನು ಎಲ್ಲಾದರೂ ಒರಗಿಸಿಡಿ. ಅಲುಗಾಟವಿಲ್ಲ ಎಂದು ಗೊತ್ತಾದರೆ ಎಷ್ಟೋ ಫೋನುಗಳು ತಾವೇ ಹೆಚ್ಚು ಸೆಕೆಂಡ್ ತೆಗೆದುಕೊಳ್ಳುತ್ತವೆ.

ಹಂಪಿ: ಎರಡು ದಿನ, ಮೂರು ಜಾಗ

ಹಂಪಿಯಲ್ಲಿ ಎಲ್ಲವನ್ನೂ ತೆಗೆಯಲು ಹೊರಟವರಿಗೆ ಏನೂ ಸಿಗುವುದಿಲ್ಲ. ಮೂರು ಜಾಗ ಹಿಡಿದುಕೊಳ್ಳಿ.

ಮೊದಲನೆಯದು ಮತಂಗ ಪರ್ವತ, ಬೆಳಗಿಗೆ. ಕತ್ತಲಲ್ಲೇ ಹತ್ತಬೇಕು, ಟಾರ್ಚ್ ಬೇಕು, ಒಬ್ಬರೇ ಹೋಗಬಾರದು. ತುದಿಯ ವೀರಭದ್ರ ಗುಡಿಯ ಬಳಿ ನಿಂತರೆ ಎಲ್ಲರೂ ಮೂಡಣಕ್ಕೆ ತಿರುಗಿ ಸೂರ್ಯನನ್ನು ತೆಗೆಯುತ್ತಿರುತ್ತಾರೆ. ನೀವು ಕೆಳಗೆ ಅಚ್ಯುತರಾಯ ದೇವಸ್ಥಾನದ ಕಡೆ ನೋಡಿ. ಪೂರ್ವಮುಖದ ಲೆಕ್ಕಕ್ಕೆ ಅದು ಹೊರತು, ಅದರ ಮುಖ ಉತ್ತರಕ್ಕೆ. ಆದ್ದರಿಂದ ಎಳೆಬಿಸಿಲು ಅದರ ಮಗ್ಗುಲಿಗೆ ತಾಗುತ್ತದೆ. ಪ್ರಾಕಾರದ ಒಂದೊಂದು ಕಂಬಕ್ಕೂ ಉದ್ದ ನೆರಳು, ಗೋಪುರದ ಒಂದು ಮೈ ಹೊನ್ನು, ಇನ್ನೊಂದು ಮೈ ಕಪ್ಪು. ಎದುರಿನಿಂದ ಬೀಳುವ ಬಿಸಿಲು ಬಣ್ಣ ತೋರಿಸುತ್ತದೆ, ಮಗ್ಗುಲಿನದು ಆಕಾರ ತೋರಿಸುತ್ತದೆ. ಈ ಆಟ ನಡೆಯುವುದು ಸೂರ್ಯ ಎದ್ದ ಮೇಲಿನ ಅರ್ಧ ಗಂಟೆ. ಆಮೇಲೆ ಇಳಿದು ಬಂದು ಇಡ್ಲಿ ತಿನ್ನಿ.

ಎರಡನೆಯದು ವಿರೂಪಾಕ್ಷನ ಬೀದಿ. ರಾಜಗೋಪುರದ ಬುಡದಲ್ಲಿ ನಿಂತು ಮೊಬೈಲನ್ನು ಆಕಾಶಕ್ಕೆ ಎತ್ತಿದರೆ ಗೋಪುರ ಹಿಂದಕ್ಕೆ ಮಗುಚಿ ಬೀಳುವಂತೆ ಕಾಣುತ್ತದೆ. ಸುಮಾರು 50 ಮೀಟರ್ ಎತ್ತರದ ಗೋಪುರ ಅದು, ಹತ್ತಿರ ನಿಂತಷ್ಟೂ ಕುಬ್ಜವಾಗುತ್ತದೆ. ಬದಲಿಗೆ ರಥಬೀದಿಯ ಪೂರ್ವದ ತುದಿಗೆ, ಎದುರು ಬಸವಣ್ಣನ ಹತ್ತಿರಕ್ಕೆ ನಡೆಯಿರಿ. ಅಲ್ಲಿಂದ ಜೂಮ್ ಲೆನ್ಸಿನಲ್ಲಿ, ಮೊಬೈಲಾದರೆ 3ಎಕ್ಸ್‌ನಲ್ಲಿ, ಕ್ಯಾಮೆರಾವನ್ನು ಮೇಲೆತ್ತದೆ ನೇರ ಹಿಡಿದು ತೆಗೆಯಿರಿ. ಗೋಪುರ ಗೂಟ ಹೊಡೆದಂತೆ ನೆಟ್ಟಗೆ ನಿಲ್ಲುತ್ತದೆ, ಬೀದಿಯ ಎರಡೂ ಬದಿಯ ಮಂಟಪದ ಸಾಲು ಅದರತ್ತ ಕಣ್ಣನ್ನು ಎಳೆದುಕೊಂಡು ಹೋಗುತ್ತದೆ. ಬೆಳಗ್ಗೆ ಬಿಸಿಲು ನಿಮ್ಮ ಬೆನ್ನಿಗೆ, ಗೋಪುರದ ಮುಖಕ್ಕೆ. ಯಾರಾದರೂ ಬುಟ್ಟಿ ಹೊತ್ತು ಬೀದಿ ದಾಟುವವರೆಗೆ ಕಾಯಿರಿ. ಮನುಷ್ಯರಿಲ್ಲದೆ ಆ ಎತ್ತರ ಎಷ್ಟೆಂದು ನೋಡುವವರಿಗೆ ತಿಳಿಯದು.

ದೇವಸ್ಥಾನದ ಒಳಗೆ ಫೋಟೊ ತೆಗೆಯುವವರೆಲ್ಲ ಕೈಮುಗಿಯಬೇಕಾದ ಒಂದು ಗೋಡೆ ಇದೆ. ಗರ್ಭಗುಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಒಂದು ಸಣ್ಣ ಕಿಂಡಿಯಿಂದ ಬೆಳಕು ಬಂದು ರಾಜಗೋಪುರದ ತಲೆಕೆಳಗಾದ ಬಿಂಬ ಎದುರಿನ ಗೋಡೆಯ ಮೇಲೆ ಮೂಡುತ್ತದೆ. ನಿಮ್ಮ ಕ್ಯಾಮೆರಾದ ಒಳಗೆ ನಡೆಯುವುದೂ ಇಷ್ಟೇ. ಕಿಂಡಿಗೆ ಕಾಣುವುದು ಗೋಪುರದ ಪಶ್ಚಿಮದ ಮೈಯಾದ್ದರಿಂದ, ಬಿಸಿಲು ಆ ಮೈಗೆ ಬರುವ ಮಧ್ಯಾಹ್ನದ ನಂತರ ಹೋಗಿ ನೋಡಿ. ಪೂಜೆ ನಡೆಯುವ ಗುಡಿ ಅದು. ಒಳಗೆ ಎಲ್ಲಿ ತೆಗೆಯಬಹುದು, ಎಲ್ಲಿ ಬೇಡ ಎಂದು ಅರ್ಚಕರನ್ನೋ ಕಾವಲಿನವರನ್ನೋ ಕೇಳಿಯೇ ಫೋನ್ ಹೊರತೆಗೆಯಿರಿ.

ಮೂರನೆಯದು ಕಲ್ಲಿನ ರಥ. 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರ ಬಂದಮೇಲೆ, ನೋಟನ್ನು ರಥದ ಮುಂದೆ ಹಿಡಿದು ತೆಗೆಯುವವರ ಸಾಲು ದಿನವಿಡೀ ಮುಗಿಯುವುದಿಲ್ಲ. ನಿಮಗೂ ಬೇಕಿದ್ದರೆ ತೆಗೆದುಕೊಳ್ಳಿ. ಅದಕ್ಕಿಂತ ನನಗೆ ರುಚಿಸಿದ್ದು ಬೇರೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಬಳಸಿ ಹಂಪಿಯ ಫೋಟೊಗಳನ್ನು ತೆಗೆದ. ಅವನ ಚಿತ್ರದಲ್ಲಿ ಇದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಇದೆ. ಇಂದು ಇಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಆ ಹಳೆಯ ಚಿತ್ರಗಳನ್ನು ಹಿಡಿದುಕೊಂಡು ಬಂದು, ಗ್ರೀನ್‌ಲಾ ಕ್ಯಾಮೆರಾ ಇಟ್ಟ ಜಾಗಗಳಲ್ಲೇ ಕ್ಯಾಮೆರಾ ಇಟ್ಟು ಮತ್ತೆ ತೆಗೆದರು. ನೀವೂ ಮಾಡಿ ನೋಡಿ. ಮನೆಯಲ್ಲಿ ಅಜ್ಜನ ಕಾಲದ್ದೋ, ಅಪ್ಪನ ಕಾಲೇಜು ಪ್ರವಾಸದ್ದೋ ಹಂಪಿ, ಬೇಲೂರು, ಬಾದಾಮಿಯ ಕಪ್ಪುಬಿಳುಪು ಫೋಟೊ ಇದ್ದರೆ ಅದನ್ನು ಮೊಬೈಲಿಗೆ ಹಾಕಿಕೊಂಡು ಹೋಗಿ. ಹತ್ತಿರದ ಒಂದು ಕಂಬ, ದೂರದ ಒಂದು ಬಂಡೆ ಹಿಡಿದುಕೊಂಡು, ಅವೆರಡರ ನಡುವಿನ ಅಂತರ ಹಳೆಯ ಚಿತ್ರದಲ್ಲಿ ಇದ್ದಷ್ಟೇ ಬರುವವರೆಗೆ ಎಡಕ್ಕೆ ಬಲಕ್ಕೆ ಸರಿಯಿರಿ. ಆ ಜಾಗ ಸಿಕ್ಕಿದರೆ ಒಂದೆರಡು ಹೆಜ್ಜೆಯ ಒಳಗೆ ನೀವು ಅಪ್ಪ ನಿಂತಲ್ಲೇ ನಿಂತಿರುತ್ತೀರಿ. ಫೋಟೊ ತೆಗೆಯುವುದರಲ್ಲಿ ಇಷ್ಟು ಮಜಾ ಕೊಡುವ ಕೆಲಸ ನನಗಂತೂ ಬೇರೆ ಸಿಕ್ಕಿಲ್ಲ.

ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಬೇಕು. ಡ್ರೋನ್ ಅಂತೂ ಅನುಮತಿ ಇಲ್ಲದೆ ಹಾರಿಸುವಂತೆಯೇ ಇಲ್ಲ. ತಿಂಗಳ ಮಾತು ಹೇಳುವುದಾದರೆ, ಚಳಿಗಾಲಕ್ಕಿಂತ ಸೆಪ್ಟೆಂಬರ್, ಅಕ್ಟೋಬರ್ ನನಗೆ ಇಷ್ಟ. ಗಾಳಿ ತೊಳೆದಂತಿರುತ್ತದೆ, ಆನೆಗೊಂದಿ ಕಡೆಯ ಗದ್ದೆ ಹಸಿರಿರುತ್ತದೆ, ಬಂಡೆಯ ಬಣ್ಣ ಹಸಿರಿನ ಎದುರು ಎದ್ದು ಕಾಣುತ್ತದೆ.

ಕಡಲು

ಕಡಲಿಗೆ ಹೋಗುವ ಮುನ್ನ ಉಬ್ಬರ ಇಳಿತದ ಪಟ್ಟಿ ನೋಡಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಇಳಿತದಲ್ಲಿ ಬಂಡೆಗಳು ಬರಿದಾಗಿ ಅವುಗಳ ನಡುವೆ ನೀರು ಕನ್ನಡಿಯಂತೆ ನಿಂತಿರುತ್ತದೆ, ಒದ್ದೆ ಮರಳಿನಲ್ಲಿ ಆಕಾಶದ ಬಣ್ಣ ಮೂಡುತ್ತದೆ. ಸೂರ್ಯಾಸ್ತ ಮತ್ತು ಇಳಿತ ಒಟ್ಟಿಗೆ ಬೀಳುವ ಸಂಜೆಗಳನ್ನು ಮೊದಲೇ ಗುರುತು ಹಾಕಿ, ಆ ದಿನಕ್ಕೆ ಬಸ್ಸೋ ರೈಲೋ ಬುಕ್ ಮಾಡಿ.

ಇದನ್ನು ನಾನು ಕಲಿತದ್ದು ಮರವಂತೆಯಲ್ಲಿ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ. ಪಟ್ಟಿ ಗಿಟ್ಟಿ ಏನೂ ನೋಡದೆ ಹೋಗಿದ್ದೆ. ತಡೆಗೋಡೆಯ ಕಲ್ಲುಗಳ ಕೆಳಗೆ, ನೀರಿನ ಅಂಚಿನಲ್ಲಿ ಟ್ರೈಪಾಡ್ ಊರಿ 30 ಸೆಕೆಂಡಿನ ಎಕ್ಸ್‌ಪೋಶರ್ ಹಾಕಿ ಆರಾಮವಾಗಿ ನಿಂತಿದ್ದೆ. ಮೇಲಿನಿಂದ ಒಬ್ಬರು, ‘ಹ್ವಾಯ್, ಅಲ್ಲ್ ನಿಲ್ಬೇಡಿ ಮಾರಾಯ್ರೆ, ನೀರ್ ಏರತ್ತ್’ ಎಂದು ಕೂಗಿದರು. ಒಂದೇ ಒಂದು ಎಂದು ಕೈಸನ್ನೆ ಮಾಡಿದೆ. ಅಷ್ಟರಲ್ಲಿ ಬಂದ ಅಲೆ ನನ್ನ ಮೊಣಕಾಲು ಮುಟ್ಟಿತು. ವಾಪಸ್ ಹೋಗುವಾಗ ಟ್ರೈಪಾಡಿನ ಒಂದು ಕಾಲಿನ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಯಿತು. ಕ್ಯಾಮೆರಾ ಬಗ್ಗಿದ್ದನ್ನು ನಾನು ಹಿಡಿದೆ, ಬ್ಯಾಗನ್ನು ಹಿಡಿಯಲು ಕೈ ಇರಲಿಲ್ಲ. ಅದರಲ್ಲಿದ್ದ ಎರಡು ಬ್ಯಾಟರಿ, ಚಾರ್ಜರ್ ಉಪ್ಪುನೀರು ಕುಡಿದು ಸತ್ತವು. ಆ ಫೋಟೊ ಇನ್ನೂ ಇಟ್ಟುಕೊಂಡಿದ್ದೇನೆ. ದಿಗಂತ ಜಾರುಬಂಡೆಯಂತಿದೆ.

ಅಂದಿನಿಂದ ಪಾಲಿಸುವುದು ಇಷ್ಟು. ಬಂದ ಕೂಡಲೇ ಕ್ಯಾಮೆರಾ ತೆಗೆಯುವುದಿಲ್ಲ, ಹತ್ತು ನಿಮಿಷ ಸುಮ್ಮನೆ ನಿಂತು ದೊಡ್ಡ ಅಲೆ ಎಲ್ಲಿಯವರೆಗೆ ಬರುತ್ತದೆ ನೋಡುತ್ತೇನೆ. ಬ್ಯಾಗ್ ಬೆನ್ನ ಮೇಲೆಯೇ, ನೆಲಕ್ಕಿಲ್ಲ. ಟ್ರೈಪಾಡಿನ ಕಾಲನ್ನು ಮರಳಿಗೆ ಗಟ್ಟಿ ಒತ್ತಿ ಕೂರಿಸಿದ ಮೇಲೆಯೇ ದಿಗಂತ ಸರಿಮಾಡುವುದು. ಪಾಚಿ ಕಟ್ಟಿದ ಬಂಡೆ ಹತ್ತುವುದಿಲ್ಲ. ಊರಿನವರು ಬೇಡ ಎಂದರೆ ಬೇಡ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೀರಿನ ಹತ್ತಿರಕ್ಕೇ ಹೋಗುವುದಿಲ್ಲ. ಆ ದಿನಗಳಲ್ಲಿ ದೂರ ನಿಂತು ಉದ್ದ ಲೆನ್ಸಿನಲ್ಲಿ ಅಲೆ ತೆಗೆಯಬಹುದು. ಅಥವಾ ಜೂನ್, ಜುಲೈನ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಮಲ್ಪೆ ಬಂದರಿಗೆ ಹೋಗಿ. ಲಂಗರು ಹಾಕಿದ ಬೋಟುಗಳು ಒಂದಕ್ಕೊಂದು ಮೈ ಒತ್ತಿ ನಿಂತಿರುವ ಆ ಬಣ್ಣಗಳಿಗೆ ಮೋಡದ ಬೆಳಕೇ ಚಂದ.

ಅಲೆ ಹೇಗೆ ಕಾಣಬೇಕೆಂಬುದು ಶಟರಿನ ಕೈಯಲ್ಲಿದೆ. ಬಂಡೆಗೆ ಅಪ್ಪಳಿಸಿ ಸಿಡಿಯುವ ಹನಿಗಳು ಬೇಕಾದರೆ 1/1000 ಸೆಕೆಂಡ್. ಮಂಜಿನಂತೆ ನುಣ್ಣಗೆ ಬೇಕಾದರೆ ಲೆನ್ಸಿಗೆ ಬೀಳುವ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ 20, 30 ಸೆಕೆಂಡ್. ಈ ಮಂಜಿನ ಸಮುದ್ರ ನನಗೆ ಈಗ ಸಾಕಾಗಿದೆ, ಎಲ್ಲರ ಫೋಟೊದಲ್ಲೂ ಸಮುದ್ರ ಒಂದೇ ಥರ ಕಾಣುತ್ತದೆ. ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡ್ ಇಟ್ಟು, ಅಲೆ ದಡದಿಂದ ವಾಪಸ್ ಹೋಗುವಾಗ ಒತ್ತಿ. ನೊರೆ ಬಾಚಣಿಗೆಯಲ್ಲಿ ಬಾಚಿದಂತೆ ಗೆರೆಗೆರೆಯಾಗಿ ಬರುತ್ತದೆ, ನೀರಿಗೆ ಓಟವೂ ಇರುತ್ತದೆ. ಇಪ್ಪತ್ತು ತೆಗೆದರೆ ಒಂದು ಸಿಗಬಹುದು.

1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ ಇಂಥ ಚೌಕಟ್ಟಿಗೆ ಹೇಳಿ ಮಾಡಿಸಿದ್ದು, ಬಂಡೆಯ ಮೇಲೇ ನಿಂತಿದೆ. ಸೂರ್ಯನನ್ನೂ ಸೇರಿಸಿ ತೆಗೆಯುವಾಗ ಆಕಾಶಕ್ಕೆ ಎಕ್ಸ್‌ಪೋಶರ್ ಅಳೆಯಿರಿ, ಸ್ತಂಭ ಕಪ್ಪಾದರೆ ಆಗಲಿ. ಮೊಬೈಲಿನಲ್ಲಿ ಆಕಾಶದ ಮೇಲೆ ಬೆರಳಿಟ್ಟು ಕೆಳಗೆ ಎಳೆದರೆ ಅಷ್ಟೇ ಕೆಲಸ. ಸೇಂಟ್ ಮೇರೀಸ್ ದ್ವೀಪದಲ್ಲಿ ಮಾತ್ರ ಸೂರ್ಯಾಸ್ತದ ಆಸೆ ಬಿಡಿ, ಮಲ್ಪೆಯ ಬೋಟು ಅದಕ್ಕೂ ಮೊದಲೇ ವಾಪಸ್ ಕರೆತರುತ್ತದೆ, ಮಳೆಗಾಲದಲ್ಲಿ ಬೋಟೇ ಇಲ್ಲ. ಅಲ್ಲಿ ನೋಡಬೇಕಾದದ್ದು ಕಲ್ಲನ್ನು. ಲಾವಾ ತಣಿದು ಬಿರುಕುಬಿಟ್ಟು ಆದ ಆರು ಮೂಲೆಯ ಕಂಬಗಳು. ದ್ವೀಪವನ್ನೆಲ್ಲ ಒಂದೇ ಫೋಟೊಗೆ ತುರುಕುವ ಬದಲು ನಾಲ್ಕೈದು ಕಂಬದ ತಲೆ ಮಾತ್ರ ಹಿಡಿಯಿರಿ.

ಬೆಳಗ್ಗೆ ಕಡಲು ಬೇಡ ಎನ್ನುವವರಿಗೆ ಒಂದು ಮಾತು. ಸೂರ್ಯ ತೆಂಗಿನ ತೋಟದ ಮೇಲೆ ಬರಲು ತಡವಾಗುತ್ತದೆ, ಆದರೆ ಬಂದ ಮೇಲೆ ಬೆಳಕು ನೇರ ಸಮುದ್ರದ ಮೇಲೆ. ಕೈರಂಪಣಿ ಬಲೆ ಎಳೆಯುವವರು ದಡದಲ್ಲಿರುವುದೂ ಆಗಲೇ. ಕೇಳಿ ತೆಗೆಯಿರಿ. ಹಗ್ಗಕ್ಕೆ ಒಂದು ಕೈ ಕೊಟ್ಟರೆ ಕೇಳುವ ಮೊದಲೇ ಒಪ್ಪಿಗೆ ಸಿಕ್ಕಿರುತ್ತದೆ.

ರೂಮಿಗೆ ಬಂದ ಮೇಲೆ

ಉಪ್ಪುಗಾಳಿ ಲೆನ್ಸಿನ ಮೇಲೆ ಕಣ್ಣಿಗೆ ಕಾಣದ ಪದರ ಕಟ್ಟುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಮೊದಲು ಊದುಬುಗ್ಗೆಯಿಂದ (ಬ್ಲೋವರ್) ಮರಳು ಹಾರಿಸಿ, ಸಿಹಿನೀರಿನಲ್ಲಿ ತುಸು ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಗಿಸಿ. ಫೋಟೊಗಳನ್ನು ಆ ರಾತ್ರಿಯೇ ಇನ್ನೊಂದು ಕಡೆಗೆ ಕಾಪಿ ಮಾಡಿ. ತಿದ್ದುವಾಗ ಮೊದಲು ದಿಗಂತ ನೇರ ಮಾಡಿ, ವಾಲಿದ ಗೋಪುರವನ್ನು ನೆಟ್ಟಗಾಗಿಸಿ. ಬಣ್ಣದ ಸ್ಲೈಡರಿಗೆ ಕೈ ಹಾಕುವುದು ಮಾರನೆಯ ದಿನ. ಪ್ರವಾಸದ ರಾತ್ರಿ ಎಲ್ಲರಿಗೂ ಆಕಾಶ ಇದ್ದದ್ದಕ್ಕಿಂತ ಕೆಂಪಾಗಿಯೇ ನೆನಪಿರುತ್ತದೆ.

ಟ್ರೈಪಾಡನ್ನು ಬಚ್ಚಲಿಗೆ ಒಯ್ದು ಮೂರೂ ಕಾಲು ಪೂರ್ತಿ ಎಳೆದು ನಲ್ಲಿ ನೀರಿನಲ್ಲಿ ತೊಳೆಯಿರಿ. ತಿರುಪು ಬಿಚ್ಚಿ, ಕೀಲಿನೊಳಗಿನ ಮರಳು ಹೋಗುವವರೆಗೆ ನೀರು ಬಿಡಿ, ರಾತ್ರಿಯಿಡೀ ಬಿಚ್ಚಿದ ಹಾಗೆಯೇ ಗೋಡೆಗೆ ಒರಗಿಸಿಡಿ. ಲಾಡ್ಜಿನ ಬಚ್ಚಲಾದರೆ ನೆಲದ ಮರಳನ್ನೂ ನೀವೇ ತೊಳೆದುಬಿಡಿ.